ಒಂದೇ ರೈಫಲ್‌ನಲ್ಲಿ ಹಂದಿನೂ ಓಡಿಸಿ, ಮಗಳಿಗೂ ಕಲಿಸೋಕೆ ಆಗುತ್ತಾ?

ನಿಮ್ಮ ಪ್ರಶ್ನೆ: ಜಮಖಂಡಿ ಹತ್ತಿರ ಎಂಟು ಎಕರೆ ಹೊಲ, ಕಬ್ಬು ಮತ್ತು ಗೋವಿನಜೋಳಕ್ಕೆ ಕಾಡುಹಂದಿ ಕಾಟ. ಪಿಯುಸಿ ಓದುವ ಮಗಳಿಗೆ ಶೂಟಿಂಗ್ ಕಲಿಯುವ ಆಸೆ. ಎರಡಕ್ಕೂ ಆಗುವ ರೈಫಲ್ ಯಾವುದು?

ಅಂಥದ್ದು ಇಲ್ಲ. ಹೊಲಕ್ಕಂತೂ ರೈಫಲ್ ಬೇಡವೇ ಬೇಡ ಅಂತೀನಿ.

ಗೋಕಾಕದ ಕಡೆ ನಮ್ಮ ಕಾಕಾ ಇದೇ ಕೆಲಸಕ್ಕೆ ಪಾಯಿಂಟ್ 315 ರೈಫಲ್ ತಂದರು (ಈ ಅಂಕಿ ಅಂದರೆ ನಳಿಗೆಯ ಒಳಗಿನ ಅಗಲ, ಇಂಚಿನಲ್ಲಿ). ಸರ್ಕಾರಿ ಕಾರ್ಖಾನೆಯದು, ಗಟ್ಟಿ ಮಾಲು, ಅದರಲ್ಲಿ ತಪ್ಪಿಲ್ಲ. ತಪ್ಪಿದ್ದದ್ದು ನಮ್ಮ ನೆಲದಲ್ಲಿ. ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರ್ ದಾಟಿ ಹೋಗುತ್ತದೆ. ಗುಡ್ಡ ಇದ್ದರೆ ಅಲ್ಲೇ ಹೂತುಕೊಳ್ಳುತ್ತದೆ. ನಮ್ಮ ಎರೆ ಹೊಲದಲ್ಲಿ ಗುಡ್ಡ ಎಲ್ಲಿಂದ ಬರಬೇಕು? ಹಂದಿ ಬರುವುದು ರಾತ್ರಿ. ಥ್ರೀ ಫೇಸ್ ಕರೆಂಟ್ ಬರುವುದೂ ಎಷ್ಟೋ ಸಲ ರಾತ್ರಿಯೇ. ಪಕ್ಕದ ಹೊಲದವರು ನೀರು ಹಾಯಿಸುತ್ತ ಕಬ್ಬಿನ ಸಾಲಿನೊಳಗೇ ಇರುತ್ತಾರೆ. ಒಮ್ಮೆ ಕಾಕಾ ಸಪ್ಪಳ ಕೇಳಿ ರೈಫಲ್ ಎತ್ತಿದರು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಕೆಮ್ಮಿದರು. ಅವತ್ತು ಇಳಿಸಿದ ರೈಫಲನ್ನು ಮತ್ತೆ ಹೊಲಕ್ಕೆ ಒಯ್ಯಲಿಲ್ಲ.

ಅದಕ್ಕೇ ಯಾವ ಬಂದೂಕು ಅಂತ ಕೇಳುವ ಮೊದಲು ಏನಕ್ಕೆ ಹೊಡೀತೀರಿ, ಎಷ್ಟು ದೂರಕ್ಕೆ, ಅದರ ಹಿಂದೆ ಏನಿದೆ ಅಂತ ನೋಡಿ. ಲೈಸನ್ಸ್ ತೆಗೆದುಕೊಂಡೇ ತೀರುತ್ತೇನೆ ಅಂದರೆ ಹನ್ನೆರಡು ಬೋರಿನ ಬಂದೂಕು ವಾಸಿ. ಅದರ ಸಣ್ಣ ಸೀಸದ ಗುಂಡುಗಳು ರೈಫಲ್ ಗುಂಡಿನಷ್ಟು ದೂರ ಹೋಗುವುದಿಲ್ಲ. ಆದರೂ ಕತ್ತಲಲ್ಲಿ, ಕಾಣದ ಸಪ್ಪಳಕ್ಕೆ ಅದೂ ಬೇಡ. ಬಂದೂಕಿನ ಲೈಸನ್ಸ್ ಅಂದರೆ ಹಂದಿ ಹೊಡೆಯುವ ಪರವಾನಗಿ ಅಲ್ಲ, ನೆನಪಿರಲಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆ ಬೇಕು. ನಿಮ್ಮ ಜಿಲ್ಲೆಯಲ್ಲೇ ಬೀಳಗಿ ಕಡೆ ಯಡಹಳ್ಳಿ ಚಿಂಕಾರ ಧಾಮ ಇದೆ; ಚಿಂಕಾರ ಅಂದರೆ ಜಿಂಕೆಯಂಥ ಸಣ್ಣ ಪ್ರಾಣಿ. ಕತ್ತಲಲ್ಲಿ ಹಂದಿ ಅಂದುಕೊಂಡು ಚಿಂಕಾರಕ್ಕೆ ಹೊಡೆದರೆ ಜೈಲೇ ಗತಿ. ಕಾಕಾ ಈಗ ಸೋಲಾರ್ ಬೇಲಿ ಹಾಕಿಸಿದ್ದಾರೆ. ಬೇಲಿಗೆ ನೇರ ಕರೆಂಟ್ ಕೊಡುವ ಕೆಲಸ ಮಾತ್ರ ಮಾಡಬೇಡಿ, ಅದು ಮನುಷ್ಯರನ್ನೇ ಕೊಲ್ಲುತ್ತದೆ.

ಇನ್ನು ಮಗಳದ್ದು. ಇದು ಖುಷಿಯ ವಿಷಯ. ಅವಳಿಗೆ ಪಾಯಿಂಟ್ 177 ಏರ್ ರೈಫಲ್ ಸಾಕು, ಅಂದರೆ 4.5 ಮಿಲಿಮೀಟರ್. ಗುಂಡಿನ ಹೊಡೆತದ ಶಕ್ತಿ 20 ಜೌಲ್ ಒಳಗಿದ್ದರೆ 2016ರ ಶಸ್ತ್ರ ನಿಯಮದ ಪ್ರಕಾರ ಲೈಸನ್ಸ್ ಬೇಕಿಲ್ಲ. ಬಿಲ್ ಮಾತ್ರ ಜೋಪಾನ. 2008ರಲ್ಲಿ ಅಭಿನವ್ ಬಿಂದ್ರಾ ಒಲಿಂಪಿಕ್ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲೇ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್! ನಮ್ಮ ಪಕ್ಕದ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಕಂಚು ತಂದದ್ದು 50 ಮೀಟರ್‌ನಲ್ಲಿ. ಅದು ಪಾಯಿಂಟ್ 22, ಲೈಸನ್ಸ್ ಬೇಕು. ಎನ್‌ಸಿಸಿಯಲ್ಲಿ ನಾನು ಹೊಡೆದದ್ದೂ ಅದೇ, ನೆಲಕ್ಕೆ ಮಲಗಿಕೊಂಡು. ಅದರ ಮಾತು ಆಮೇಲೆ.

ಅಂಗಡಿಯವರು 'ಪವರ್ ಜಾಸ್ತಿ' ಅಂತ ಮಾರ್ತಾರೆ. ಕಾಗದಕ್ಕೆ ತೂತು ಮಾಡೋಕೆ ಪವರ್ ಯಾಕೆ? ಅಳತೆ ನೋಡಿ. ಬಟ್ ಅನ್ನು, ಅಂದರೆ ಭುಜಕ್ಕೆ ಒತ್ತುವ ಹಿಂದಿನ ತುದಿಯನ್ನು, ಮೊಣಕೈ ಮಡಿಕೆಗೆ ಇಟ್ಟಾಗ ಅವಳ ಬೆರಳು ಟ್ರಿಗರ್‌ಗೆ ಆರಾಮಾಗಿ ಮುಟ್ಟಬೇಕು. ಯಾವ ಕಣ್ಣು ಮುಂದಾಳು ಅಂತಲೂ ನೋಡಿ. ಎರಡೂ ಕಣ್ಣು ತೆರೆದು ದೂರದ ಕಂಬಕ್ಕೆ ಬೆರಳು ತೋರಿಸಲಿ, ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣಿಗೆ ಬೆರಳು ಕಂಬದ ಮೇಲೇ ಉಳಿಯುತ್ತೋ ಅದೇ. ನಾನು ಎಡಗಣ್ಣಿನವನು ಅಂತ ಗೊತ್ತಾಗುವಷ್ಟರಲ್ಲಿ ಎನ್‌ಸಿಸಿ ಮುಗಿದಿತ್ತು. ಮೊದಲ ಆರು ತಿಂಗಳು ಕ್ಲಬ್ಬಿನ ರೈಫಲ್‌ನಲ್ಲೇ ಕಲಿಯಲಿ, ಸುಮ್ನೆ ದುಡ್ಡು ಹಾಕಬೇಡಿ.

ಕಾಕಾನ ರೈಫಲ್ ಈಗ ವರ್ಷಕ್ಕೊಮ್ಮೆ ಆಯುಧಪೂಜೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಳ್ಳುತ್ತದೆ. ಚುನಾವಣೆ ಬಂದರೆ ಜಮಾ ಮಾಡೋಕೆ ಠಾಣೆಗೆ ಹೋಗಿ ಬರುತ್ತದೆ. ಅದು ಮಾಡುವ ಪ್ರಯಾಣ ಇಷ್ಟೇ.