ಕ್ವಾಡ್ರುಪಲ್ ಮಾರ್ಕರ್‌ನಲ್ಲಿ 1:180 ಬಂದಿದ್ದಕ್ಕೆ

ಬಸುರಿ ಹೆಂಡತಿಯ ಕ್ವಾಡ್ರುಪಲ್ ಮಾರ್ಕರ್ (ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇರುವ ಒಂದು ವರ್ಣತಂತು ತೊಂದರೆ, ಇರುವ ಸಾಧ್ಯತೆ ಅಂದಾಜಿಸುವ ರಕ್ತಪರೀಕ್ಷೆ) ವರದಿಯಲ್ಲಿ 1:180 ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅವರಿಗೆ ಮುಟ್ಟು ಏರುಪೇರು ಅಂತಲೂ ನೀವೇ ಬರೆದಿದ್ದೀರಿ. ಹಾಗಾಗಿ 17ನೇ ವಾರದ ಕ್ವಾಡ್ರುಪಲ್ ಮಾರ್ಕರ್‌ನಲ್ಲಿ ಡೌನ್ ಸಿಂಡ್ರೋಮ್‌ಗೆ 1:180 ಬರಲು ಕೊನೆಯ ಮುಟ್ಟಿನಿಂದ ಹಾಕಿದ ಬಸುರಿನ ವಾರದ ಲೆಕ್ಕ ತಪ್ಪಿರುವುದೇ ಕಾರಣ ಇರಬಹುದು. ವರದಿ ನೋಡದೆ ಖಂಡಿತ ಅನ್ನಲಾರೆ. ಹಾಸನದಲ್ಲಿ ನಮ್ಮ ಫಾರಂನಲ್ಲೂ ಕೊನೆಯ ಮುಟ್ಟಿನ ತಾರೀಖನ್ನೇ ಬರೆದಿದ್ದರು!

ಮೊದಲು ವರದಿಯಲ್ಲಿರುವ ವಾರವನ್ನು ಮೊದಲ ಮೂರು ತಿಂಗಳ ಸ್ಕ್ಯಾನ್ ಜೊತೆ ತಾಳೆ ನೋಡಿ. ತೂಕ, ವಯಸ್ಸು, ಸಕ್ಕರೆ ಕಾಯಿಲೆಯ ವಿವರವನ್ನೂ ನೋಡಿ. ತಪ್ಪಿದ್ದರೆ ಡಾಕ್ಟರ್ ಮೂಲಕ ಲ್ಯಾಬ್‌ನಲ್ಲಿ ಮರುಲೆಕ್ಕ ಕೇಳಿ. ರಕ್ತ ಕೊಟ್ಟಾಗ 15 ವಾರ ತುಂಬಿದ್ದರೆ ಸಾಮಾನ್ಯವಾಗಿ ಮತ್ತೆ ರಕ್ತ ಕೊಡಬೇಕಿಲ್ಲ.

ಲೆಕ್ಕ ಸರಿ ಇದ್ದರೂ 1:180 ಅಂದರೆ ಇಂಥ 180 ಬಸುರಿಯರಲ್ಲಿ ಒಬ್ಬರ ಮಗುವಿಗೆ ತೊಂದರೆ, ಅಷ್ಟೇ. ಇದು ಸಾಧ್ಯತೆ ಮಾತ್ರ ಹೇಳುವ, ಜರಡಿ ಹಿಡಿಯುವ (ಸ್ಕ್ರೀನಿಂಗ್) ಪರೀಕ್ಷೆ ಅಲ್ವಾ. ಎನ್‌ಐಪಿಟಿ (ತಾಯಿಯ ರಕ್ತದಲ್ಲಿ ಸಿಗುವ ಬಸುರಿನ ಡಿಎನ್‌ಎ ನೋಡುವ ಪರೀಕ್ಷೆ) ಇದಕ್ಕಿಂತ ಜಾಸ್ತಿ ನಿಖರ, ಆದರೂ ಅದೂ ಜರಡಿಯೇ. ಖಚಿತ ಉತ್ತರ ಬೇಕೆಂದರೆ ಆಮ್ನಿಯೋಸೆಂಟೆಸಿಸ್ (ಸೂಜಿಯಿಂದ ಮಗುವಿನ ಸುತ್ತಲಿನ ನೀರು ತೆಗೆದು ನೋಡುವ ಪರೀಕ್ಷೆ). ಯಾವುದು ಬೇಕೆಂದು ಡಾಕ್ಟರ್ ಹತ್ತಿರ ಈ ವಾರವೇ ಕೇಳಿ. ಹೋಗುವಾಗ ಹಳೇ ಸ್ಕ್ಯಾನ್ ವರದಿ ಮರೆಯಬೇಡಿ.