ಒಂದು ಕಿಲೋ ನೀರಿಗೆ 100 ಗ್ರಾಂ ಉಪ್ಪು ಹಾಕಿದರೆ ಅದು ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ? ಲೆಕ್ಕ ಹೇಗೆ?

ಹೆಪ್ಪುಗಟ್ಟುವ ಉಷ್ಣತೆಯ ಇಳಿಕೆ = 1.86 × ಮೋಲಾಲಿಟಿ × ಅಯಾನುಗಳ (ವಿದ್ಯುದಾವೇಶವಿರುವ ಕಣಗಳ) ಸಂಖ್ಯೆ. ಇಲ್ಲಿ 1.86 ಎಂಬುದು ನೀರಿನ ಸ್ಥಿರಾಂಕ. ಮೋಲಾಲಿಟಿ ಅಂದರೆ ಒಂದು ಕಿಲೋ ನೀರಿನಲ್ಲಿ ಕರಗಿದ ವಸ್ತುವಿನ ಮೋಲ್‌ಗಳು; ಮೋಲ್ ಎಂಬುದು ಕಣಗಳನ್ನು ಎಣಿಸುವ ಒಂದು ಅಳತೆ.

ಅಡುಗೆ ಉಪ್ಪಿನ ಒಂದು ಮೋಲ್ ಅಂದರೆ 58.44 ಗ್ರಾಂ. ಹಾಗಾಗಿ 100 ಗ್ರಾಂ ಉಪ್ಪು 1.71 ಮೋಲ್. ಕರಗಿದಾಗ ಸೋಡಿಯಂ, ಕ್ಲೋರೈಡ್ ಎಂದು ಎರಡು ಅಯಾನುಗಳಾಗುತ್ತವೆ. 1.86 × 1.71 × 2 = 6.36. ಅಂದರೆ ಸುಮಾರು −6.4 ಡಿಗ್ರಿ.

ಆದರೆ ಅಳೆದು ನೋಡಿದರೆ ಸಿಗುವುದು −5.9ರ ಆಸುಪಾಸು. ದ್ರಾವಣದಲ್ಲಿ ಉಪ್ಪಿನ ಪಾಲು ಹೆಚ್ಚಿದಂತೆ ಅಯಾನುಗಳು ಒಂದನ್ನೊಂದು ಸೆಳೆದುಕೊಳ್ಳುತ್ತವೆ, ಎರಡು ಅಯಾನುಗಳ ಪೂರ್ಣ ಪರಿಣಾಮ ಸಿಗುವುದಿಲ್ಲ. ತೆಳು ದ್ರಾವಣಕ್ಕೆ ಮಾತ್ರ ಈ ಸೂತ್ರವನ್ನು ಪೂರ್ತಿ ನಂಬಬಹುದು.

ಬಹಳ ಮಂದಿ ಎಡವುವುದು ಮೋಲಾಲಿಟಿಯಲ್ಲಿ: ಭಾಗಿಸಬೇಕಾದದ್ದು ನೀರಿನ ಕಿಲೋ ತೂಕದಿಂದ, ದ್ರಾವಣದ ಲೀಟರಿನಿಂದಲ್ಲ.

ಇನ್ನೊಂದು ಮಾತು. −5.9 ಎಂಬುದು ಮೊದಲ ಹರಳು ಕಾಣುವ ಉಷ್ಣತೆ ಅಷ್ಟೇ. ಮಂಜುಗಡ್ಡೆಯಾಗುವುದು ಶುದ್ಧ ನೀರು. ಉಪ್ಪು ಉಳಿದ ದ್ರವದಲ್ಲೇ ಉಳಿದು ಅದರಲ್ಲಿ ಉಪ್ಪಿನ ಪಾಲು ಇನ್ನಷ್ಟು ಹೆಚ್ಚುತ್ತದೆ, ಅದು ಹೆಪ್ಪುಗಟ್ಟುವ ಉಷ್ಣತೆ ಮತ್ತೆ ಇಳಿಯುತ್ತದೆ. ಉಪ್ಪಿನ ಪಾಲು ತೂಕದಲ್ಲಿ 23.3% ತಲುಪಿ, ಉಷ್ಣತೆ −21.1 ಡಿಗ್ರಿಗೆ ಇಳಿದಾಗಲೇ ಎಲ್ಲವೂ ಗಟ್ಟಿಯಾಗುವುದು.