ಜಿಎಸ್‌ಎಂ, ಸಿಡಿಎಂಎ: ಎರಡರಲ್ಲಿ ಯಾವುದು ಮೇಲಿತ್ತು?

ಹಳೇ ಸಿಡಿಎಂಎ ಫೋನಿಗೆ ಬೇರೆ ಸಿಮ್ ಯಾಕೆ ಹಾಕಲು ಆಗುತ್ತಿರಲಿಲ್ಲ, ಜಿಎಸ್‌ಎಂಗಿಂತ ಅದು ಹೇಗೆ ಬೇರೆ ಅಂತ ಕೇಳಿದ್ದೀರಿ. ಎರಡೂ ಮೊಬೈಲ್ ಕರೆಗಳನ್ನು ರೇಡಿಯೋ ತರಂಗದಲ್ಲಿ ಸಾಗಿಸುವ ಹಳೇ ವಿಧಾನಗಳು.

ಜಿಎಸ್‌ಎಂನಲ್ಲಿ 200 ಕಿಲೋಹರ್ಟ್ಸ್ ಅಗಲದ ಒಂದು ಚಾನೆಲ್ಲಿನ (ತರಂಗದ ಒಂದು ಪಟ್ಟಿಯ) ಸಮಯವನ್ನು 8 ಪಾಲು ಮಾಡುತ್ತಾರೆ. 8 ಜನ ಸರದಿಯಲ್ಲಿ ಮಾತಾಡಿದ ಹಾಗೆ, ಆದರೆ ಸರದಿ ಎಷ್ಟು ಬೇಗ ತಿರುಗುತ್ತದೆ ಅಂದರೆ ನಮಗೆ ಗೊತ್ತೇ ಆಗುವುದಿಲ್ಲ. ಸಿಡಿಎಂಎಯಲ್ಲಿ ಎಲ್ಲರೂ ಒಂದೇ 1.25 ಮೆಗಾಹರ್ಟ್ಸ್ ಜಾಗದಲ್ಲಿ ಒಟ್ಟಿಗೆ ಮಾತಾಡುತ್ತಾರೆ, ಪ್ರತಿ ಕರೆಗೂ ಬೇರೆ ಕೋಡ್. ಸಂತೆಯ ಗದ್ದಲದಲ್ಲೂ ನಮ್ಮವರ ದನಿ ಕಿವಿಗೆ ಬೀಳುತ್ತದೆ ಅಲ್ವಾ, ಹಾಗೆ.

ತಂತ್ರ ನೋಡಿದರೆ ಸಿಡಿಎಂಎಯೇ ಜಾಣ. ಅಷ್ಟೇ ತರಂಗದಲ್ಲಿ ಜಾಸ್ತಿ ಕರೆ ಹಿಡಿಸುತ್ತಿತ್ತು, 3ಜಿ ಬಂದಾಗ ಜಿಎಸ್‌ಎಂ ಕಡೆಯವರೂ ಇದೇ ಕೋಡ್ ವಿದ್ಯೆಗೆ ಬಂದರು.

ಆದರೆ ಬಳಸುವವರಿಗೆ ಜಿಎಸ್‌ಎಂ ಒಳ್ಳೆಯದು. ಸಿಮ್ ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಮುಗಿಯಿತು. ನಮ್ಮಲ್ಲಿ ಬಹಳಷ್ಟು ಸಿಡಿಎಂಎ ಫೋನುಗಳಲ್ಲಿ ನಂಬರು ಹ್ಯಾಂಡ್‌ಸೆಟ್ಟಿನೊಳಗೇ ಕೂತಿರುತ್ತಿತ್ತು, ಕಂಪನಿ ಬದಲಿಸಬೇಕಾದರೆ ಚೆನ್ನಾಗಿರುವ ಫೋನನ್ನೇ ಸುಮ್ನೆ ಮೂಲೆಗೆ ಹಾಕಬೇಕಿತ್ತು. ಇದು ನನಗೆ ಯಾವತ್ತೂ ಸರಿ ಅನಿಸಲಿಲ್ಲ.

4ಜಿಯ ಎಲ್‌ಟಿಇ ಅನ್ನೋ ಹೊಸ ತಂತ್ರ ಬಂದ ಮೇಲೆ ಎರಡೂ ಬಣದವರು ಅದನ್ನೇ ಹಿಡಿದರು.